ನೀರು ಹಾಕಿದರೆ ಸೋಪಿನ ಪೇಸ್ಟ್ ಗಟ್ಟಿಯಾಗುವುದು ಯಾಕೆ?

ಪ್ರಶ್ನೆ: ಲಿಕ್ವಿಡ್ ಸೋಪ್ ಮಾಡೋಣ ಅಂತ 70 ಪರ್ಸೆಂಟ್ ಎಸ್‌ಎಲ್‌ಇಎಸ್ (ಸೋಡಿಯಂ ಲಾರೆತ್ ಸಲ್ಫೇಟ್, ನೊರೆ ಬರಿಸುವ ವಸ್ತು) ಪೇಸ್ಟ್ ತಂದೆ. ಸ್ವಲ್ಪ ನೀರು ಹಾಕಿ ಕಲಸಿದರೆ ತೆಳುವಾಗುವ ಬದಲು ಜೆಲ್ ಆಯಿತು. ಸೌಟೇ ಅಲ್ಲಾಡಲಿಲ್ಲ. ಪೇಸ್ಟ್ ಕಲಬೆರಕೆನಾ?

ಉತ್ತರ: ಅಲ್ಲ. ಪೇಸ್ಟ್ ಸರಿಯಾಗಿಯೇ ಇದೆ. ಇದಕ್ಕೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ ಪ್ರಶ್ನೆಯ ಹಿಂದೆ ಒಂದೇ ನಂಬಿಕೆ ಇರುತ್ತದೆ: ಗಟ್ಟಿ ಇದ್ದರೆ ಸೋಪು ಜಾಸ್ತಿ, ತೆಳು ಇದ್ದರೆ ನೀರು ಜಾಸ್ತಿ. ದಯವಿಟ್ಟು ಇದನ್ನು ಇವತ್ತೇ ಬಿಟ್ಟುಬಿಡಿ.

ಎಸ್‌ಎಲ್‌ಇಎಸ್ ಒಂದು ಸರ್ಫ್ಯಾಕ್ಟಂಟ್, ಅಂದರೆ ಕೊಳೆ ಬಿಡಿಸುವ ವಸ್ತು. ಅದರ ಅಣುವಿಗೆ ನೀರು ಬೇಕೆನ್ನುವ ತಲೆ, ನೀರು ಬೇಡವೆನ್ನುವ ಬಾಲ. ಅದು ನಿಮಗೆ ಗೊತ್ತು. 70 ಪರ್ಸೆಂಟ್‌ನಲ್ಲಿ ಈ ಅಣುಗಳು ಹಾಳೆಗಳಾಗಿ ಒಂದರ ಮೇಲೊಂದು ಕೂತಿರುತ್ತವೆ, ನಡುವೆ ತೆಳ್ಳಗೆ ನೀರು. ಇದೇ ಲ್ಯಾಮೆಲ್ಲರ್ ಹಂತ. ಹಾಳೆಯ ಮೇಲೆ ಹಾಳೆ ಜಾರುತ್ತದೆ. ಅದಕ್ಕೇ ಪೇಸ್ಟನ್ನು ಪಂಪ್ ಮಾಡಬಹುದು, ಅದಕ್ಕೇ ಬೇಕಂತಲೇ 70ರಲ್ಲಿ ಮಾರುತ್ತಾರೆ.

ನೀರು ಸೇರಿಸಿ ಸುಮಾರು 60ರಿಂದ 30ರ ನಡುವೆ ತನ್ನಿ. ತಲೆಗಳು ನೀರು ಕುಡಿದು ಜಾಸ್ತಿ ಜಾಗ ಕೇಳುತ್ತವೆ. ಹಾಳೆ ಚಪ್ಪಟೆಯಾಗಿ ಇರಲಾರದೆ ಉದ್ದನೆಯ ಕೋಲುಗಳಾಗುತ್ತದೆ. ಪ್ರತಿ ಕೋಲಿನ ಸುತ್ತ ಆರು ಕೋಲು, ಜೇನುಹುಟ್ಟಿನ ಕೋಣೆಗಳ ಹಾಗೆ. ಇದು ಹೆಕ್ಸಾಗೊನಲ್ ಹಂತ. ಕೋಲುಗಳು ಉದ್ದಕ್ಕೆ ಜಾರಬಹುದು, ಅಡ್ಡಡ್ಡ ಹಾಯಲಾರವು. ನಿಮ್ಮ ಸೌಟು ಸಿಕ್ಕಿಕೊಂಡದ್ದು ಇಲ್ಲಿ. ಇನ್ನೂ ನೀರು ಸೇರಿಸಿ 30ರ ಕೆಳಗೆ ಇಳಿದರೆ ಈ ಜೋಡಣೆ ಕಳಚಿ, ತಲೆ ಹೊರಗೆ ಬಾಲ ಒಳಗೆ ಇರುವ ಬಿಡಿಬಿಡಿ ಅಣುಗುಂಪುಗಳಾಗಿ, ಅಂದರೆ ಮೈಸೆಲ್‌ಗಳಾಗಿ, ಸರಾಗ ಹರಿಯುತ್ತದೆ.

ಲೆಕ್ಕ ನೋಡಿ. 70ರಲ್ಲಿ ಜಾರುತ್ತದೆ, 50ರಲ್ಲಿ ನಿಂತುಬಿಡುತ್ತದೆ, 25ರಲ್ಲಿ ಹರಿಯುತ್ತದೆ. ಸೋಪು ಮಾತ್ರ ಉದ್ದಕ್ಕೂ ಕಡಿಮೆಯಾಗುತ್ತಲೇ ಬಂತು, ಅಲ್ವಾ?

ಪಾತ್ರೆಯಲ್ಲಿ ಕಟ್ಟಿದ ಜೆಲ್‌ನ ಒಂದು ಗಂಟನ್ನು ಎತ್ತಿ ಚಾಕುವಿನಿಂದ ಸೀಳಿ ನೋಡಿ. ಹೊರಗೆ ಗಾಜಿನಂಥ ಜೆಲ್ ಸಿಪ್ಪೆ, ಒಳಗೆ ಹಳೆಯ ಪೇಸ್ಟ್ ಹಾಗೇ ಇರುತ್ತದೆ. ಸಿಪ್ಪೆ ದಾಟಿ ನೀರು ಒಳಹೋಗುವುದು ನಿಧಾನ. ಆದ್ದರಿಂದ ಪೇಸ್ಟ್‌ಗೆ ನೀರಲ್ಲ, ನೀರಿಗೆ ಪೇಸ್ಟ್ ಹಾಕಿ, ಸ್ವಲ್ಪ ಸ್ವಲ್ಪವಾಗಿ. ಈಗಾಗಲೇ ಜೆಲ್ ಆಗಿದ್ದರೆ ಬಿಸಾಡಬೇಡಿ. ಬೇಕಾದಷ್ಟು ನೀರು ಸುರಿದು ರಾತ್ರಿಯಿಡೀ ಸುಮ್ನೆ ಬಿಡಿ.

ಇನ್ನೂ ನಂಬಿಕೆ ಬರದಿದ್ದರೆ ಉಪ್ಪನ್ನು ನೆನಪಿಸಿಕೊಳ್ಳಿ. ತೆಳು ಸೋಪಿಗೆ ಚಿಟಿಕೆ ಚಿಟಿಕೆಯಾಗಿ ಉಪ್ಪು ಹಾಕಿದರೆ ಅದು ಮಂದವಾಗುತ್ತದೆ. ತಲೆಗಳು ಒಂದನ್ನೊಂದು ದೂಡುವುದು ಕಡಿಮೆಯಾಗಿ, ಮೈಸೆಲ್‌ಗಳು ಹುಳುವಿನಂತೆ ಉದ್ದ ಬೆಳೆದು ಹೆಣೆದುಕೊಳ್ಳುತ್ತವೆ. ಬೀಟೇನ್ ಎಂಬ ಇನ್ನೊಂದು ಸರ್ಫ್ಯಾಕ್ಟಂಟ್ ಬೆರೆಸಿದರೂ ಹೀಗೇ, ಅದು ತಲೆಗಳ ನಡುವೆ ನುಸುಳುತ್ತದೆ. ಉಪ್ಪು ಮಿತಿಮೀರಿದರೆ ಮತ್ತೆ ನೀರಾಗುತ್ತದೆ. ಉಪ್ಪಿನಿಂದ ಸೋಪು ಒಂದು ಹನಿಯೂ ಹೆಚ್ಚಲಿಲ್ಲ, ತಗ್ಗಲಿಲ್ಲ.

ಅಂದಹಾಗೆ, ಹಾಳೆ ಮತ್ತು ಕೋಲಿನ ಹಂತಗಳೆರಡೂ ದ್ರವ ಹರಳುಗಳೇ, ಅಂದರೆ ದ್ರವದಂತಿದ್ದರೂ ಹರಳಿನ ಹಾಗೆ ಅಣುಗಳು ಸಾಲಾಗಿ ಕೂತಿರುವಂಥವು. ಟಿವಿಯ ಎಲ್‌ಸಿಡಿ ಪರದೆಗಳಲ್ಲಿರುವುದೂ ಇದೇನಾ? ಹತ್ತಿರದ ನೆಂಟ, ಅಷ್ಟೇ. 1888ರಲ್ಲಿ ಸಸ್ಯವಿಜ್ಞಾನಿ ಫ್ರೀಡ್ರಿಕ್ ರೈನಿಟ್ಸರ್ ಕೊಲೆಸ್ಟರಿಲ್ ಬೆಂಜೋಯೇಟ್ ಎಂಬ ವಸ್ತುವನ್ನು ಕಾಯಿಸಿದಾಗ ಅದು 145.5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿ ಮಬ್ಬಾಯಿತು, 178.5ರಲ್ಲಿ ತಿಳಿಯಾಯಿತು. ಆ ಮಬ್ಬು ದ್ರವವೇ ದ್ರವ ಹರಳು. ಅಲ್ಲಿ ಹಂತ ಬದಲಿಸಿದ್ದು ಬರೀ ಬಿಸಿ. ನಿಮ್ಮ ಪಾತ್ರೆಯಲ್ಲಿ ಆ ಕೆಲಸ ಮಾಡಿದ್ದು ಮುಖ್ಯವಾಗಿ ನೀರು.