ಕಿವಿಯಿಂದ ಓದುವ ಪರದೆ

ಕಣ್ಣು ಇಡೀ ಪರದೆಯನ್ನು ಒಮ್ಮೆಗೇ ಹಿಡಿಯುತ್ತದೆ. ಬೇಡದ್ದನ್ನು ದಾಟಿ ಬೇಕಾದಲ್ಲಿ ನಿಲ್ಲುತ್ತದೆ. ಕಿವಿಗೆ ಆ ಸೌಕರ್ಯವಿಲ್ಲ, ಅದಕ್ಕೆ ಎಲ್ಲವೂ ಸಾಲಾಗಿಯೇ ಬರಬೇಕು. ಅಂಧರು ಮೊಬೈಲ್ ಬಳಸುವುದು ಸ್ಕ್ರೀನ್ ರೀಡರ್ ಎಂಬ ತಂತ್ರಾಂಶದ ನೆರವಿನಿಂದ. ಐಫೋನಿನ ವಾಯ್ಸ್‌ಓವರ್ ಮತ್ತು ಆಂಡ್ರಾಯ್ಡ್‌ನ ಟಾಕ್‌ಬ್ಯಾಕ್ ಎರಡೂ 2009ರಲ್ಲಿ ಬಂದವು. ಬೆರಳು ಸರಿದಂತೆ ಪರದೆಯಲ್ಲಿರುವ ಒಂದೊಂದನ್ನೇ ಅವು ಓದಿ ಹೇಳುತ್ತವೆ. ಪಳಗಿದವರು ಆ ದನಿಯನ್ನು ಎಷ್ಟು ವೇಗವಾಗಿ ಓಡಿಸುತ್ತಾರೆಂದರೆ, ಹೊಸಬರಿಗೆ ಒಂದು ಪದವೂ ತಿಳಿಯುವುದಿಲ್ಲ. ತೊಡಕಿರುವುದು ಅವರ ಓದಿನಲ್ಲಲ್ಲ, ಬಹುಪಾಲು ನಮ್ಮ ಪೋಸ್ಟುಗಳಲ್ಲಿ.

ಕೆಲವರು ತಮ್ಮ ಹೆಸರನ್ನು ಇಂಗ್ಲಿಷಿನ ದಪ್ಪ, ಬಳುಕುವ ಅಕ್ಷರಗಳಲ್ಲಿ ಬರೆದುಕೊಂಡಿರುತ್ತಾರೆ. ಅದು ಬೇರೆ ಫಾಂಟ್ ಅಲ್ಲ. ಕಂಪ್ಯೂಟರಿನಲ್ಲಿ ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಕೇತ ಗೊತ್ತುಮಾಡುವ ಯೂನಿಕೋಡ್‌ನಲ್ಲಿ ಗಣಿತದ ಬರವಣಿಗೆಗೆಂದು ಪ್ರತ್ಯೇಕವಾಗಿ ಸೇರಿಸಿದ ಚಿಹ್ನೆಗಳು. ಸ್ಕ್ರೀನ್ ರೀಡರ್ ಪಾಪ, ಒಂದೊಂದು ಅಕ್ಷರಕ್ಕೂ ‘ಗಣಿತದ ದಪ್ಪ ದೊಡ್ಡಕ್ಷರ’ ಎಂಬಂತೆ ಬಿರುದು ಸೇರಿಸಿ ಓದಬಹುದು, ಇಲ್ಲವೇ ಮೌನವಾಗಿ ದಾಟಿಬಿಡಬಹುದು. ಎಮೋಜಿಗಳಿಗೂ ಒಂದೊಂದು ಹೆಸರಿದೆ. ಸಾಲಾಗಿ ಹತ್ತು ಚಪ್ಪಾಳೆ ಹಾಕಿದರೆ ಆ ಹೆಸರನ್ನು ಹತ್ತು ಸಲ ಕೇಳಬೇಕಾಗಬಹುದು. ಪದಗಳನ್ನು ಅಂಟಿಸಿದ ಹ್ಯಾಷ್‌ಟ್ಯಾಗ್ ಕೂಡ ಗೋಜಲೇ. ಇಂಗ್ಲಿಷಿನಲ್ಲಿ ಪ್ರತಿ ಪದದ ಮೊದಲಕ್ಷರವನ್ನು ದೊಡ್ಡದಾಗಿ ಬರೆದರೆ ತಂತ್ರಾಂಶಕ್ಕೆ ಪದ ಒಡೆಯಲು ಸುಲಭ. ದೊಡ್ಡಕ್ಷರವಿಲ್ಲದ ಕನ್ನಡದಲ್ಲಿ ನಡುವೆ ಅಡಿಗೆರೆ (_) ಹಾಕಬಹುದು.

ನಿಜವಾಗಿ ಕಗ್ಗಂಟಾಗಿರುವುದು ಚಿತ್ರ. ತಂತ್ರಾಂಶಕ್ಕೆ ಅದು ಬಣ್ಣದ ಚುಕ್ಕೆಗಳ ರಾಶಿ. ಅದರ ಹಿಂದೆ ಯಾರಾದರೂ ಪರ್ಯಾಯ ಪಠ್ಯ, ಅಂದರೆ ಒಂದೆರಡು ಸಾಲಿನ ವಿವರಣೆ, ಬರೆದಿಟ್ಟಿದ್ದರೆ ಅದನ್ನು ಓದುತ್ತದೆ. ಈ ಸೌಲಭ್ಯವನ್ನು ಟ್ವಿಟರ್ 2016ರಲ್ಲಿ, ಇನ್‌ಸ್ಟಾಗ್ರಾಂ 2018ರಲ್ಲಿ ಕೊಟ್ಟವು. ಬರೆಯುವವರು ವಿರಳವೆಂದು ಫೇಸ್‌ಬುಕ್ 2016ರಲ್ಲಿ ಆ ಕೆಲಸವನ್ನು ಯಂತ್ರಕ್ಕೇ ಒಪ್ಪಿಸಿತು. ಆಗ ಸಿಗುತ್ತಿದ್ದದ್ದು ‘ಮೂವರು, ನಗು, ಹೊರಾಂಗಣ’ ಎಂಬಂಥ ಪಟ್ಟಿ. ಈಗಿನ ಯಂತ್ರಗಳು ಇಡೀ ವಾಕ್ಯಗಳನ್ನೇ ಬರೆಯುತ್ತವೆ.

ಏನೂ ಇಲ್ಲದಿರುವುದಕ್ಕಿಂತ ಇದು ಮೇಲು. ಆದರೆ ಮೆಟ್ಟಿಲುಗಳ ಒಂದು ಫೋಟೊ ತೆಗೆದುಕೊಳ್ಳಿ. ವಾಸ್ತುಶಿಲ್ಪಿ ಅದನ್ನು ಕಲ್ಲಿನ ಕುಸುರಿ ತೋರಿಸಲು ಹಾಕುತ್ತಾರೆ. ಗಾಲಿಕುರ್ಚಿ ಬಳಸುವವರು, ಇಲ್ಲಿ ಇಳಿಜಾರು ದಾರಿಯಿಲ್ಲ ಎಂದು ದೂರಲು. ಫೋಟೊ ಅದೇ, ಬೇಕಾದ ವಿವರಣೆ ಬೇರೆ. ಅದನ್ನು ಏಕೆ ಹಾಕಿದಿರಿ ಎನ್ನುವುದು ಚುಕ್ಕೆಗಳಲ್ಲಿ ಇಲ್ಲ, ನಿಮ್ಮ ತಲೆಯಲ್ಲಿದೆ. ಮೇಲಾಗಿ ಯಂತ್ರ ಸರಾಗವಾಗಿ ತಪ್ಪು ಹೇಳಿದರೆ, ಚಿತ್ರ ಕಾಣದವರಿಗೆ ಅದನ್ನು ಪರೀಕ್ಷಿಸುವ ದಾರಿಯೇ ಇರುವುದಿಲ್ಲ. ಪ್ರಕಟಣೆಯನ್ನೇ ಚಿತ್ರವಾಗಿ ಹಾಕಿ ಸುಮ್ಮನಾಗುವವರ ಬಗ್ಗೆ ನನಗೆ ತಾಳ್ಮೆ ಕಡಿಮೆ: ಅಕ್ಷರಗಳು ಕೈಯಲ್ಲಿದ್ದೂ ಅವನ್ನು ಚುಕ್ಕೆ ಮಾಡಿ ಹಂಚುವುದೇಕೆ?

ಶ್ರವಣದೋಷವುಳ್ಳವರಿಗೆ ಬೇಕಾದದ್ದು ವಿಡಿಯೊ ಅಡಿಯ ಅಕ್ಷರ. ಯೂಟ್ಯೂಬ್ 2009ರಲ್ಲಿ ಸ್ವಯಂಚಾಲಿತ ಕ್ಯಾಪ್ಷನ್ ತಂದಾಗ ಅದರ ಹಿಂದಿದ್ದ ಎಂಜಿನಿಯರ್ ಕೆನ್ ಹ್ಯಾರನ್‌ಸ್ಟೀನ್ ಸ್ವತಃ ಕಿವಿ ಕೇಳದವರು. ಇದಕ್ಕೆ ತದ್ವಿರುದ್ಧವಾಗಿ ಟ್ವಿಟರ್ 2020ರ ಜೂನ್‌ನಲ್ಲಿ ಧ್ವನಿ ಟ್ವೀಟ್ ಆರಂಭಿಸಿದಾಗ ಕ್ಯಾಪ್ಷನ್ ಇರಲೇ ಇಲ್ಲ. ಟೀಕೆಗಳ ಸುರಿಮಳೆಯಾಯಿತು. ಅಂಗವಿಕಲರಿಗೂ ಬಳಸಲು ಬರುವಂತೆ ಮಾಡುವ ಕೆಲಸಕ್ಕೆಂದೇ ಮೀಸಲಾದ ತಂಡ ಆ ಕಂಪನಿಯಲ್ಲಿಲ್ಲ, ಕೆಲವು ಉದ್ಯೋಗಿಗಳು ಸ್ವಯಂಪ್ರೇರಿತರಾಗಿ ಮಾಡುತ್ತಿದ್ದಾರೆ ಎಂಬುದು ಆಗ ಬಯಲಾಯಿತು. ಧ್ವನಿ ಟ್ವೀಟಿಗೆ ಕ್ಯಾಪ್ಷನ್ ಬಂದದ್ದು 2021ರ ಜುಲೈನಲ್ಲಿ.

ಇನ್ನು ಕೆಲವು ಪೋಸ್ಟುಗಳು ತೊಡಕಷ್ಟೇ ಅಲ್ಲ, ಅಪಾಯ. ಬೆಳಕಿಗೆ ಸ್ಪಂದಿಸುವ ಅಪಸ್ಮಾರ ಇರುವವರಿಗೆ ವೇಗವಾಗಿ ಮಿನುಗುವ ಚಿತ್ರದಿಂದ ಮೂರ್ಛೆ ಬರಬಹುದು. ಹಾಗಾಗಿ ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಸಲ ಯಾವುದೂ ಮಿನುಗಬಾರದು ಎನ್ನುತ್ತದೆ ಜಾಲತಾಣಗಳ ಅಂತರರಾಷ್ಟ್ರೀಯ ಮಾರ್ಗಸೂಚಿ. 2019ರ ನವೆಂಬರ್‌ನಲ್ಲಿ ಅಮೆರಿಕದ ಎಪಿಲೆಪ್ಸಿ ಫೌಂಡೇಶನ್‌ನ ಟ್ವಿಟರ್ ಖಾತೆಯನ್ನು ಉದ್ದೇಶಿಸಿ ಕಿಡಿಗೇಡಿಗಳು ಇಂಥ ಚಿತ್ರಗಳನ್ನೇ ಎಸೆದರು. ಚಿತ್ರಗಳು ತಾವಾಗಿ ಓಡದಂತೆ ಸೆಟ್ಟಿಂಗ್ಸ್‌ನಲ್ಲಿ ತಡೆದಿಟ್ಟವರೂ ಪೂರ್ತಿ ಸುರಕ್ಷಿತರಾಗಿರಲಿಲ್ಲ. ಎಪಿಎನ್‌ಜಿ ಎಂಬ ಬಗೆಯ ಚಲಿಸುವ ಚಿತ್ರ ಆ ತಡೆಯನ್ನು ಲೆಕ್ಕಿಸದೆ ಓಡುತ್ತಿತ್ತು. ಮರುತಿಂಗಳು ಟ್ವಿಟರ್ ಆ ಬಗೆಯನ್ನೇ ನಿಷೇಧಿಸಿತು.