ಲಾಸ್ಟ್ ಲಿಂಕ್: ಸಂಪರ್ಕ ಕಡಿದ ಮೇಲೆ ಡ್ರೋನ್ ಏನು ಮಾಡುತ್ತದೆ

ಪೈಲಟ್ ರಹಿತ ವಿಮಾನ ಹಾರುತ್ತಿರುವಾಗ ನೆಲದಿಂದ ಅದಕ್ಕೆ ಆದೇಶ ತಲುಪದೆ ಹೋಗುವ ಸ್ಥಿತಿಗೆ ಲಾಸ್ಟ್ ಲಿಂಕ್ ಎನ್ನುತ್ತಾರೆ. ಗದ್ದೆಗೆ ಔಷಧಿ ಹೊಡೆಯುವ ಡ್ರೋನ್‌ಗೂ ಗಡಿ ಕಾಯುವ ದೊಡ್ಡ ಸೇನಾ ಡ್ರೋನ್ ಎಂಕ್ಯೂ-9ಕ್ಕೂ ಇದೇ ಪದ. ಸಂಪರ್ಕ ಕಡಿದ ಮಾತ್ರಕ್ಕೆ ಡ್ರೋನ್ ಬೀಳುವುದಿಲ್ಲ. ಅದರೊಳಗಿನ ಫ್ಲೈಟ್ ಕಂಟ್ರೋಲರ್ (ಹಾರಾಟ ನಡೆಸುವ ಕಂಪ್ಯೂಟರ್) ಸಮತೋಲನ ಕಾಯ್ದುಕೊಂಡೇ ಇರುತ್ತದೆ. ಆದರೆ ಅಲ್ಲಿಂದ ಮುಂದೆ ಅದು ಮಾಡುವುದೆಲ್ಲ ಹಾರುವ ಮುಂಚೆಯೇ ಅದರಲ್ಲಿ ತುಂಬಿಟ್ಟ ಸೂಚನೆ. ಆ ಸೂಚನೆ ನಾವು ನಿಂತ ಜಾಗಕ್ಕೆ ಹೊಂದುವಂತಿರಬೇಕು. ಕಂಪನಿಯಿಂದ ಬಂದ ಅಳತೆಯನ್ನು ಬದಲಿಸದೆ ಕೊಡಗಿನ ಇಳಿಜಾರಿನಲ್ಲಿ ಹಾರಿಸುವುದು ಅಪಾಯ.

ವಿಡಿಯೋ ನಿಂತುಹೋಗುವುದನ್ನೇ ಹಲವರು ಲಾಸ್ಟ್ ಲಿಂಕ್ ಎಂದುಕೊಳ್ಳುತ್ತಾರೆ. ಎಷ್ಟೋ ಡ್ರೋನ್‌ಗಳಲ್ಲಿ ಆದೇಶ, ಟೆಲಿಮೆಟ್ರಿ (ಡ್ರೋನ್ ತನ್ನ ಸ್ಥಿತಿಗತಿ ತಿಳಿಸುವ ಮಾಹಿತಿ), ವಿಡಿಯೋ ಬೇರೆ ಬೇರೆ ದಾರಿಯಲ್ಲಿ ಹೋಗುತ್ತವೆ. ಪರದೆ ಕಪ್ಪಾದರೂ ರಿಮೋಟ್‌ನ ಕಡ್ಡಿಗೆ ಡ್ರೋನ್ ಸ್ಪಂದಿಸುತ್ತಿರಬಹುದು. ಆದೇಶದ ದಾರಿ ಕಡಿದಾಗ ಮಾತ್ರ ಅದು ನಿಜವಾದ ಲಾಸ್ಟ್ ಲಿಂಕ್.

ಕೊಡಗಿನಲ್ಲಿ ಈ ದಾರಿ ಕಡಿಯಲು ಮೊದಲ ಕಾರಣ ಮರ ಮತ್ತು ಗುಡ್ಡ. ಸಾಮಾನ್ಯ ರಿಮೋಟ್‌ಗಳ 2.4 ಗಿಗಾಹರ್ಟ್ಸ್ ಅಲೆಯ ಉದ್ದ ಸುಮಾರು 12.5 ಸೆಂ.ಮೀ. ಅಷ್ಟು ಚಿಕ್ಕ ಅಲೆಯನ್ನು ಎಲೆಯಲ್ಲಿರುವ ನೀರು ಹೀರುತ್ತದೆ. ಮಳೆಯಲ್ಲಿ ನೆನೆದ ತೋಟದಲ್ಲಿ ಇದು ಇನ್ನೂ ಹೆಚ್ಚು. ಡ್ರೋನ್ ಕಣ್ಣಿಗೆ ಕಂಡರೆ ಸಾಕು ಎಂದುಕೊಳ್ಳುವುದೂ ತಪ್ಪು. 1 ಕಿ.ಮೀ. ದೂರದ ಡ್ರೋನ್‌ಗೆ ಈ ಅಲೆ ಸಲೀಸಾಗಿ ತಲುಪಬೇಕಾದರೆ, ನಡುದಾರಿಯಲ್ಲಿ ನೋಟದ ಗೆರೆಯ ಸುತ್ತ ಐದೂವರೆ ಮೀಟರ್‌ನಷ್ಟು ಜಾಗ ಬಹುಪಾಲು ಖಾಲಿ ಇರಬೇಕು. ಸಿಲ್ವರ್ ಓಕ್‌ನ ತುದಿಗಳು ಆ ಜಾಗಕ್ಕೆ ಚಾಚಿದರೂ ಸಿಗ್ನಲ್ ಕುಗ್ಗುತ್ತದೆ. ಡ್ರೋನ್ ಗುಡ್ಡದ ಆಚೆಗಿಳಿದು ಕೊಲ್ಲಿಯೊಳಗೆ ಹೋದರಂತೂ ಸಿಗ್ನಲ್ ಪೂರ್ತಿ ಹೋಗುತ್ತದೆ. ಇನ್ನೊಂದು ಕಾರಣ ನಮ್ಮ ಕೈಯಲ್ಲೇ ಇದೆ: ಕಡ್ಡಿಯಂಥ ಆಂಟೆನಾದ ತುದಿಯ ದಿಕ್ಕಿನಲ್ಲಿ ಸಿಗ್ನಲ್ ತೀರಾ ಕಡಿಮೆ. ಅದರ ತುದಿಯನ್ನು ಡ್ರೋನ್‌ನತ್ತ ಗುರಿ ಹಿಡಿಯದೆ, ಪಕ್ಕೆ ಅತ್ತ ಇರುವಂತೆ ಹಿಡಿಯಬೇಕು.

ಸಂಪರ್ಕ ಕಡಿದದ್ದು ಡ್ರೋನ್‌ಗೆ ಗೊತ್ತಾಗುವ ಬಗೆಯಲ್ಲೇ ಒಂದು ದೊಡ್ಡ ತೊಡಕಿದೆ. ಕೆಲವು ರಿಸೀವರ್‌ಗಳು ಸಿಗ್ನಲ್ ನಿಂತ ಮೇಲೂ ಕೊನೆಯ ಆದೇಶವನ್ನೇ ಫ್ಲೈಟ್ ಕಂಟ್ರೋಲರ್‌ಗೆ ಕಳಿಸುತ್ತಿರುತ್ತವೆ. ಆಗ ಕಂಟ್ರೋಲರ್‌ಗೆ ಎಲ್ಲವೂ ಸರಿಯಾಗಿದೆ ಅನ್ನಿಸುತ್ತದೆ. ಮುಂದಕ್ಕೆ ಹೋಗು ಎಂಬುದು ಕೊನೆಯ ಆದೇಶವಾಗಿದ್ದರೆ ಡ್ರೋನ್ ಮುಂದಕ್ಕೇ ಹೋಗುತ್ತದೆ. ಅದಕ್ಕಾಗಿ ಸಿಗ್ನಲ್ ನಿಂತ ಕೂಡಲೇ ರಿಸೀವರ್ ಸುಮ್ಮನಾಗುವಂತೆ, ಇಲ್ಲವೇ ಥ್ರಾಟಲ್ (ಮೋಟಾರ್‌ಗಳ ಬಲದ ಆದೇಶ) ಮಾಮೂಲಿ ಕನಿಷ್ಠಕ್ಕಿಂತ ಕೆಳಗಿಳಿಯುವಂತೆ ಹೊಂದಿಸಬೇಕು. ಬಹಳ ಕಡೆ ಬಳಕೆಯಲ್ಲಿರುವ ಆರ್ಡುಪೈಲಟ್ ತಂತ್ರಾಂಶದಲ್ಲಿ ಈ ಗೆರೆ ಮೂಲತಃ 975 ಮೈಕ್ರೋಸೆಕೆಂಡ್ (ಆದೇಶ ಹೊತ್ತು ಬರುವ ವಿದ್ಯುತ್ ಮಿಡಿತದ ಅವಧಿ). ಥ್ರಾಟಲ್ ಪೂರ್ತಿ ಇಳಿಸಿದಾಗ ಬರುವ ಅಂಕಿ ಇದಕ್ಕಿಂತ ಮೇಲೆ, ರಿಮೋಟ್ ಆರಿಸಿದಾಗ ಬರುವ ಅಂಕಿ ಇದಕ್ಕಿಂತ ಕೆಳಗೆ ಇರಬೇಕು. ತಿರುಗುವ ರೆಕ್ಕೆಗಳನ್ನು (ಪ್ರೊಪೆಲ್ಲರ್) ಬಿಚ್ಚಿಟ್ಟು, ಮೇಜಿನ ಮೇಲೆಯೇ ರಿಮೋಟ್ ಆರಿಸಿ ಇದನ್ನು ನೋಡಿಕೊಳ್ಳಿ. ಈ ಪರೀಕ್ಷೆ ಮಾಡದ ಡ್ರೋನನ್ನು ತೋಟದ ಮೇಲೆ ಎಬ್ಬಿಸಲೇಬಾರದು.

ಸಂಪರ್ಕ ಹೋಯಿತು ಎಂದು ಗೊತ್ತಾದ ಮೇಲೆ ಸಾಮಾನ್ಯವಾಗಿ ಶುರುವಾಗುವುದು ರಿಟರ್ನ್ ಟು ಹೋಮ್. ಡ್ರೋನ್ ಗೊತ್ತುಮಾಡಿದ ಎತ್ತರಕ್ಕೇರಿ, ಎದ್ದ ಜಾಗಕ್ಕೆ ನೇರ ಗೆರೆಯಲ್ಲಿ ಬಂದು ಇಳಿಯುತ್ತದೆ. ಆರ್ಡುಪೈಲಟ್‌ನ ಕಾಪ್ಟರ್‌ಗಳಲ್ಲಿ ಈ ಎತ್ತರ ಮೂಲತಃ 15 ಮೀಟರ್. ಬಯಲುಸೀಮೆಯ ಹೊಲಕ್ಕೆ ಸಾಕಾದೀತು. ನಮ್ಮಲ್ಲಿ ಸಿಲ್ವರ್ ಓಕ್ 25ರಿಂದ 30 ಮೀಟರ್ ಬೆಳೆಯುತ್ತದೆ. ಅಲ್ಲದೆ ಈ ಎತ್ತರ ಲೆಕ್ಕವಾಗುವುದು ಡ್ರೋನ್ ಎದ್ದ ಜಾಗದಿಂದ. ಈಗ ಅದು ಯಾವ ನೆಲದ ಮೇಲಿದೆಯೋ ಅಲ್ಲಿಂದ ಅಲ್ಲ. ಕಾಫಿ ಕಣದಿಂದ ಎಬ್ಬಿಸಿದಿರಿ, ತೋಟದ ನೆತ್ತಿ ಕಣಕ್ಕಿಂತ 45 ಮೀಟರ್ ಮೇಲಿದೆ, ಅಲ್ಲಿ 30 ಮೀಟರ್‌ನ ಮರಗಳಿವೆ ಎಂದುಕೊಳ್ಳಿ. ಅಲ್ಲಿಗೇ 75 ಆಯಿತು. ಮೇಲೆ 15 ಮೀಟರ್ ಕೈಗಾವಲು ಸೇರಿಸಿ 90ಕ್ಕೆ ಇಡಬೇಕು. ಮುಂಚಿತ ಅನುಮತಿ ಬೇಡದ ಹಸಿರು ವಲಯದಲ್ಲಿ ನೆಲದಿಂದ 120 ಮೀಟರ್‌ವರೆಗೆ ಹಾರಿಸಬಹುದು, ಆದ್ದರಿಂದ 90 ನಿಯಮಕ್ಕೂ ಒಳಪಡುತ್ತದೆ. ಕೈಗಾವಲು ಕಡಿಮೆ ಮಾಡಬೇಡಿ. ಡ್ರೋನ್ ಎತ್ತರ ಅಳೆಯುವುದು ಗಾಳಿಯ ಒತ್ತಡದಿಂದ, ಮತ್ತು ಮಡಿಕೇರಿಯ ಎತ್ತರದಲ್ಲಿ ಒತ್ತಡ 1 ಹೆಕ್ಟೊಪಾಸ್ಕಲ್ ಬದಲಾದರೆ ಲೆಕ್ಕ ಸುಮಾರು 9 ಮೀಟರ್ ತಪ್ಪುತ್ತದೆ. ಮೋಡ ಕವಿದು ಬರುವ ಹೊತ್ತಿನಲ್ಲಿ ಇಂಥ ಬದಲಾವಣೆ ಅಪರೂಪವಲ್ಲ.

ನೆಲದ ಏರಿಳಿತವನ್ನೇ ಅನುಸರಿಸಿ ಮರಳುವಂತೆಯೂ ಹೇಳಬಹುದು. ಅದಕ್ಕೆ ಬಳಕೆಯಾಗುವ ಎತ್ತರದ ನಕ್ಷೆ ಹೆಚ್ಚಾಗಿ 2000ದ ಫೆಬ್ರವರಿಯಲ್ಲಿ ಎಂಡೆವರ್ ನೌಕೆ ರಾಡಾರ್‌ನಿಂದ ಅಳೆದದ್ದು. ಆ ರಾಡಾರ್ ದಟ್ಟ ಮರಗಳಿರುವಲ್ಲಿ ನೆಲವನ್ನೂ ಮುಟ್ಟಲಿಲ್ಲ, ಮರದ ತುದಿಯನ್ನೂ ಹಿಡಿಯಲಿಲ್ಲ, ನಡುವಿನ ಯಾವುದೋ ಎತ್ತರವನ್ನು ದಾಖಲಿಸಿತು. ನೆರಳಿನ ಮರಗಳಿರುವ ತೋಟದಲ್ಲಿ ಅದನ್ನೇ ನಂಬಬಾರದು.

ಗಾಳಿಯ ಲೆಕ್ಕವನ್ನು ಮರೆಯುವವರೇ ಹೆಚ್ಚು. ಮುಂಗಾರಿನಲ್ಲಿ ಗಾಳಿ ಪಶ್ಚಿಮದಿಂದ ಬೀಸುತ್ತದೆ. ಸೆಕೆಂಡಿಗೆ 10 ಮೀಟರ್ ಹೋಗುವ ಡ್ರೋನನ್ನು 6 ಮೀಟರ್ ಗಾಳಿಯಲ್ಲಿ ಪೂರ್ವಕ್ಕೆ ಬಿಟ್ಟರೆ 1 ಕಿ.ಮೀ. ದೂರವನ್ನು ಒಂದೇ ನಿಮಿಷದಲ್ಲಿ ಮುಗಿಸುತ್ತದೆ. ಎದುರುಗಾಳಿಯಲ್ಲಿ ಮರಳಲು 4 ನಿಮಿಷಕ್ಕಿಂತ ಹೆಚ್ಚು ಬೇಕು. ಮರದ ನೆತ್ತಿಗಿಂತ ಮೇಲೆ ಗಾಳಿ ಇನ್ನೂ ಜೋರು. ಆದ್ದರಿಂದ ಮೊದಲು ಗಾಳಿಗೆದುರಾಗಿ ಹೋಗಿ, ಮರಳುವಾಗ ಗಾಳಿ ಹಿಂದಿರುವಂತೆ ಕೆಲಸ ಹಂಚಿಕೊಳ್ಳುವುದು ಒಳ್ಳೆಯದು.

ಸಂಪರ್ಕ ಮರಳಿ ಬಂದಾಗ ಡ್ರೋನ್ ತಾನಾಗಿ ನಿಮ್ಮ ಕೈಗೆ ಬರುತ್ತದೆ ಎಂದೂ ಎಣಿಸಬೇಡಿ. ಆರ್ಡುಪೈಲಟ್‌ನಲ್ಲಿ ಅದು ಮರಳುವ ಮೋಡ್‌ನಲ್ಲೇ ಮುಂದುವರಿಯುತ್ತದೆ. ಮೋಡ್ ಸ್ವಿಚ್ಚನ್ನು ಒಮ್ಮೆ ಬದಲಿಸಿದರೆ ಮಾತ್ರ ಹತೋಟಿ ಸಿಗುತ್ತದೆ. ಇದು ಗೊತ್ತಿಲ್ಲದೆ ಗಾಬರಿಯಿಂದ ಕಡ್ಡಿ ತಿರುಗಿಸುತ್ತಾ ನಿಂತರೆ ಅಮೂಲ್ಯವಾದ ಸೆಕೆಂಡುಗಳು ಹೋಗುತ್ತವೆ.

ದೊಡ್ಡ ಸೇನಾ ವಿಮಾನಗಳಲ್ಲೂ ತತ್ವ ಇದೇ. ಭಾರತ 2024ರ ಅಕ್ಟೋಬರ್‌ನಲ್ಲಿ ಒಪ್ಪಂದ ಮಾಡಿಕೊಂಡ 31 ಎಂಕ್ಯೂ-9ಬಿಗಳ ಸುದ್ದಿಯನ್ನು ಮನೆಮನೆಯಲ್ಲೂ ಸೈನಿಕರಿರುವ ಕೊಡಗಿನವರು ಗಮನವಿಟ್ಟು ಓದಿರುತ್ತಾರೆ. ಈ ವರ್ಗದ ವಿಮಾನಗಳು ದೂರ ಹೋದಾಗ ಉಪಗ್ರಹದ ಮೂಲಕ ಆದೇಶ ಪಡೆಯುತ್ತವೆ. ಭೂಸ್ಥಿರ ಉಪಗ್ರಹ ಸುಮಾರು 36,000 ಕಿ.ಮೀ. ಮೇಲಿರುವುದರಿಂದ ಆದೇಶ ಹೋಗಿ ಉತ್ತರ ಬರಲು ಅರ್ಧ ಸೆಕೆಂಡು ಹಿಡಿಯುತ್ತದೆ. ಸಂಪರ್ಕ ಕಡಿದರೆ ಮೊದಲೇ ಗೊತ್ತುಮಾಡಿದ ಮಾರ್ಗ ಹಿಡಿದು, ಗೊತ್ತುಮಾಡಿದ ಜಾಗದಲ್ಲಿ ಸುತ್ತು ಹಾಕುತ್ತಾ ಕಾಯುತ್ತವೆ. ಅಮೆರಿಕದಲ್ಲಿ ಇಂಥ ವಿಮಾನದ ಟ್ರಾನ್ಸ್‌ಪಾಂಡರ್ (ರಾಡಾರ್‌ಗೆ ಗುರುತು ತಿಳಿಸುವ ಸಾಧನ) 7400 ಎಂಬ ಸಂಕೇತ ತೋರಿಸುತ್ತದೆ, ಅದನ್ನು ಕಂಡ ವಾಯು ಸಂಚಾರ ನಿಯಂತ್ರಕರು ಉಳಿದ ವಿಮಾನಗಳನ್ನು ದೂರವಿಡುತ್ತಾರೆ.

ಸೂಚನೆ ಇದ್ದೂ ತಂತ್ರಾಂಶ ಕೈಕೊಟ್ಟ ಉದಾಹರಣೆಗಳಿವೆ. 2010ರ ಆಗಸ್ಟ್ 2ರಂದು ಅಮೆರಿಕ ನೌಕಾಪಡೆಯ ಫೈರ್ ಸ್ಕೌಟ್ ಹೆಲಿಕಾಪ್ಟರ್ ಪರೀಕ್ಷಾ ಹಾರಾಟದಲ್ಲಿ ಸಂಪರ್ಕ ಕಳೆದುಕೊಂಡಿತು. ತಂತ್ರಾಂಶದ ದೋಷದಿಂದ ಅದು ನೆಲೆಗೆ ಮರಳದೆ ವಾಷಿಂಗ್ಟನ್ ಸುತ್ತಲಿನ ನಿರ್ಬಂಧಿತ ವಾಯುಪ್ರದೇಶದೊಳಕ್ಕೆ ಹೋಯಿತು. ಸಂಪರ್ಕ ಮತ್ತೆ ಸಿಕ್ಕಿದ್ದರಿಂದ ಅದನ್ನು ವಾಪಸ್ ತಂದರು. ಅದರ ಹಿಂದಿನ ವರ್ಷದ ಸೆಪ್ಟೆಂಬರ್‌ನಲ್ಲಿ ಅಫ್ಘಾನಿಸ್ತಾನದಲ್ಲಿ ಹತೋಟಿ ತಪ್ಪಿದ ರೀಪರ್ (ಎಂಕ್ಯೂ-9) ದೇಶದ ಗಡಿ ದಾಟುವ ಮೊದಲೇ ಅಮೆರಿಕದ ಎಫ್-15ಇ ವಿಮಾನವೇ ಅದನ್ನು ಹೊಡೆಯಬೇಕಾಯಿತು.

ಬಾಹ್ಯಾಕಾಶದಲ್ಲಿ ಇದೇ ಮುನ್ನೆಚ್ಚರಿಕೆ ಇನ್ನೂ ದೀರ್ಘವಾದದ್ದು. 2023ರ ಜುಲೈ 21ರಂದು ಒಂದು ತಪ್ಪು ಆದೇಶದಿಂದ ನಾಸಾದ ಬಾಹ್ಯಾಕಾಶ ನೌಕೆ ವಾಯೇಜರ್-2ರ ಆಂಟೆನಾ ಭೂಮಿಯಿಂದ 2 ಡಿಗ್ರಿ ಅತ್ತ ತಿರುಗಿತು. ಅದಾಗ ಸುಮಾರು 1,990 ಕೋಟಿ ಕಿ.ಮೀ. ದೂರದಲ್ಲಿತ್ತು. ಕ್ಯಾನ್‌ಬೆರಾದ ದೊಡ್ಡ ಆಂಟೆನಾದಿಂದ ಪ್ರಬಲ ಸಂಕೇತ ಕಳಿಸಿದ ಮೇಲೆ ಆಗಸ್ಟ್ 4ಕ್ಕೆ ಸಂಪರ್ಕ ಮರಳಿತು. ಆ ಪ್ರಯತ್ನ ಫಲಿಸದಿದ್ದರೂ ಅಕ್ಟೋಬರ್ 15ರಂದು ನೌಕೆ ತಾನಾಗಿ ದಿಕ್ಕು ಸರಿಪಡಿಸಿಕೊಳ್ಳುವಂತೆ ಮೊದಲೇ ಬರೆದಿಟ್ಟಿದ್ದರು.

ಯುದ್ಧಭೂಮಿಯಲ್ಲಿ ಲೆಕ್ಕವೇ ಬೇರೆ. ಅಲ್ಲಿ ಶತ್ರು ರೇಡಿಯೋವನ್ನು ಜಾಮ್ ಮಾಡುವಾಗ ಜಿಪಿಎಸ್ಸನ್ನೂ ಜಾಮ್ ಮಾಡುತ್ತಾನೆ. ತಾನೆಲ್ಲಿದ್ದೇನೆ ಎಂಬುದೇ ತಿಳಿಯದ ಡ್ರೋನ್ ಮನೆಗೆ ಮರಳಲಾರದು, ಇದ್ದಲ್ಲೇ ಇಳಿಯುವುದೊಂದೇ ಅದಕ್ಕುಳಿದ ದಾರಿ. ಈ ಕಾರಣಕ್ಕೆ ಉಕ್ರೇನ್ ಯುದ್ಧದಲ್ಲಿ 2024ರಿಂದೀಚೆಗೆ ಆಪ್ಟಿಕಲ್ ಫೈಬರ್ ಡ್ರೋನ್‌ಗಳು ಹೆಚ್ಚಿದವು. ಅವು 10 ಕಿ.ಮೀ.ಗೂ ಮಿಕ್ಕಿದ ಎಳೆಯ ಸುರುಳಿಯನ್ನು ಹೊತ್ತು, ಹಾರುತ್ತಾ ಬಿಚ್ಚಿಕೊಂಡು ಹೋಗುತ್ತವೆ. ಆದೇಶ ಎಳೆಯೊಳಗೆ ಬೆಳಕಾಗಿ ಹೋಗುವುದರಿಂದ ಜಾಮರ್ ಅದನ್ನು ತಡೆಯಲಾರದು. ಮರಗಳ ನಡುವೆ ತಿರುವು ತೆಗೆದುಕೊಂಡರೆ ಎಳೆ ಕೊಂಬೆಗೆ ಸಿಕ್ಕಿ ತುಂಡಾಗುತ್ತದೆ. ಕೊಡಗಿನಂಥ ಕಾಡುಗುಡ್ಡದಲ್ಲಿ ಅದಕ್ಕೆ ಅನುಕೂಲ ಕಡಿಮೆ.

ಜಿಪಿಎಸ್ ಇಲ್ಲದಾಗ ಇದ್ದಲ್ಲೇ ಇಳಿಯುವ ನಿಯಮ ತೋಟದ ಡ್ರೋನ್‌ಗೂ ಅನ್ವಯಿಸುತ್ತದೆ. ಕಣದ ಸುತ್ತ ಮರಗಳು ಒತ್ತಾಗಿದ್ದು ಸಾಕಷ್ಟು ಉಪಗ್ರಹಗಳು ಸಿಗದಿದ್ದರೆ ಗದ್ದೆ ಬಯಲಿಗೆ ಹೋಗಿ ಅಲ್ಲಿಂದ ಎಬ್ಬಿಸಿ. ತೋಟದೊಳಗೆ ಮರವಿಲ್ಲದ ಜಾಗವಿದ್ದರೆ ಅದನ್ನು ರ‍್ಯಾಲಿ ಪಾಯಿಂಟ್ ಆಗಿ ತುಂಬಿಡಿ. ಆಗ ಸಂಪರ್ಕ ಕಡಿದ ಡ್ರೋನ್ ದೂರದ ಕಣದವರೆಗೆ ಬರುವ ಬದಲು ಹತ್ತಿರದ ಆ ಜಾಗಕ್ಕೇ ಹೋಗಿ ಇಳಿಯುತ್ತದೆ.