ಪ್ಲೇನ್ ಟೈಗರ್ ಅಂತ ಬರೆಯೋ ಮುಂಚೆ ಹಿಂದಿನ ರೆಕ್ಕೆ ನೋಡಿ

ನಮ್ಮ ಬೀದಿ ಕೊನೆಯ ಖಾಲಿ ಸೈಟಿನಲ್ಲಿ ಲಂಟಾನ ಪೊದೆ ಇದೆ. ಅಲ್ಲಿ ಫೋಟೋ ತೆಗೆದ ಕಿತ್ತಳೆ ಚಿಟ್ಟೆಗಳನ್ನೆಲ್ಲ ಪ್ಲೇನ್ ಟೈಗರ್ ಅಂತಲೇ ಬರೆದಿಟ್ಟಿದ್ದೆ. ಮೊನ್ನೆ ಮತ್ತೆ ನೋಡಿದರೆ ಅದರಲ್ಲಿ ಮೂರು ಡನೈಡ್ ಎಗ್‌ಫ್ಲೈ ಅನ್ನೋ ಬೇರೆ ಜಾತಿಯ ಚಿಟ್ಟೆಯ ಹೆಣ್ಣುಗಳು!

ಬಣ್ಣ ಯಾಕೆ ಒಂದೇ ಅಂದರೆ, ಪ್ಲೇನ್ ಟೈಗರ್ ಹುಳ ಎಕ್ಕದ ಎಲೆ ತಿಂದು ಅದರ ವಿಷವನ್ನು ಮೈಯಲ್ಲಿ ಇಟ್ಟುಕೊಳ್ಳುತ್ತದೆ. ಹಕ್ಕಿಗಳು ಅದರ ತಂಟೆಗೆ ಬರೋದು ಕಡಿಮೆ. ಎಗ್‌ಫ್ಲೈಗೆ ಆ ವಿಷ ಇಲ್ಲ, ಹೆಣ್ಣು ಅದೇ ವೇಷ ಹಾಕಿ ಬದುಕುತ್ತದೆ. ಗಂಡು ಮಾತ್ರ ಕಪ್ಪು, ದೊಡ್ಡ ಬಿಳಿ ಮಚ್ಚೆಗಳದು, ಅದರಲ್ಲಿ ಗೊಂದಲವಿಲ್ಲ.

ನಾನು ಎಡವಿದ್ದು ಇಲ್ಲಿ. ಮುಂದಿನ ರೆಕ್ಕೆಯ ಕಪ್ಪು ತುದಿ, ಅದರೊಳಗಿನ ಬಿಳಿ ಪಟ್ಟಿ ನೋಡಿ ಹೆಸರು ಹೇಳುತ್ತಿದ್ದೆ. ಅದು ಎರಡರಲ್ಲೂ ಇದೆ! ನೋಡಬೇಕಾದ್ದು ಹಿಂದಿನ ರೆಕ್ಕೆ. ಅದರ ನಡುಭಾಗದಲ್ಲಿ ಕಪ್ಪು ಚುಕ್ಕಿ ಎಣಿಸಿ: ಹೆಣ್ಣು ಪ್ಲೇನ್ ಟೈಗರ್‌ಗೆ ಮೂರು, ಗಂಡಿಗೆ ನಾಲ್ಕು. ಗಂಡಿನ ಆ ನಾಲ್ಕನೆಯದು ವಾಸನೆಯ ಚೀಲ, ಉಳಿದವಕ್ಕಿಂತ ದಪ್ಪ, ರೆಕ್ಕೆ ಮಡಚಿದಾಗ ಅದರ ನಡುವೆ ಬಿಳಿ ಕಾಣುತ್ತದೆ. ಅಂಚಿನ ಕಪ್ಪು ಪಟ್ಟಿಯ ಸಣ್ಣ ಬಿಳಿ ಚುಕ್ಕಿಗಳು ಲೆಕ್ಕಕ್ಕಿಲ್ಲ, ನಾನು ಮೊದಲು ಅವನ್ನೂ ಸೇರಿಸಿ ಎಣಿಸಿ ತಲೆ ಕೆಡಿಸಿಕೊಂಡಿದ್ದೆ. ಎಗ್‌ಫ್ಲೈಯಲ್ಲಿ ರೆಕ್ಕೆಯ ನಡುಭಾಗ ಖಾಲಿ, ಮೇಲಂಚಿನ ಹತ್ತಿರ ಒಂದು ಕಪ್ಪು ಮಚ್ಚೆ ಅಷ್ಟೇ. ರೆಕ್ಕೆ ಬಿಚ್ಚಿದಾಗ ಮುಂದಿನ ರೆಕ್ಕೆ ಆ ಮಚ್ಚೆಯನ್ನೂ ಮುಚ್ಚಿಬಿಡಬಹುದು, ಹಾಗಾಗಿ ಮಚ್ಚೆ ಹುಡುಕುತ್ತಾ ಕೂರಬೇಡಿ, ನಡುವೆ ಖಾಲಿ ಇದೆಯಾ ಅಂತ ನೋಡಿದರೆ ಸಾಕು. ಇನ್ನೂ ಅನುಮಾನವಾದರೆ ಅಂಚು ನೋಡಿ, ಎಗ್‌ಫ್ಲೈಯದು ಅಲೆ ಅಲೆ, ಟೈಗರ್‌ದು ನುಣುಪು.

ಅಂದರೆ ಫೋಟೋದಲ್ಲಿ ಹಿಂದಿನ ರೆಕ್ಕೆ ಪೂರ್ತಿ ಬರಲೇಬೇಕು, ಅಲ್ವಾ? ನಾನು ಕಣ್ಣು, ಸೊಂಡಿಲು ಅಂತ ಹತ್ತಿರ ಹೋಗಿ ರೆಕ್ಕೆಯನ್ನೇ ಕತ್ತರಿಸಿಬಿಡುತ್ತಿದ್ದೆ. ಈಗ ಮೊದಲ ಫೋಟೋ ದೂರದಿಂದ, ಪಕ್ಕದಿಂದ. ಕ್ಯಾಮೆರಾದ ಬೆನ್ನು ಮಡಚಿದ ರೆಕ್ಕೆಗೆ ಸಮಾನಾಂತರವಾಗಿದ್ದರೆ ಇಡೀ ರೆಕ್ಕೆ ಫೋಕಸ್‌ನಲ್ಲಿ ಇರುತ್ತದೆ. ಅಪರ್ಚರ್ ಎಫ್ 8, ಶಟರ್ 1/800 ಸೆಕೆಂಡ್ ನನಗೆ ಸರಿಹೋಯಿತು. ನಮ್ಮ ನೆರಳು ಹೂವಿನ ಮೇಲೆ ಬೀಳಬಾರದು.

ಇನ್ನೊಂದು ಉಪಾಯ. ಲಂಟಾನ ಗೊಂಚಲಲ್ಲಿ ಹೊಸದಾಗಿ ಅರಳಿದ ಪುಟ್ಟ ಹೂಗಳು ಹಳದಿ, ಹಳೆಯವು ಗುಲಾಬಿ ಅಥವಾ ಕೆಂಪು. ಮಕರಂದ ಜಾಸ್ತಿ ಇರೋದು ಹಳದಿಯಲ್ಲಿ. ಚಿಟ್ಟೆ ಸೊಂಡಿಲನ್ನು ಒಂದೊಂದೇ ಹಳದಿ ಹೂವಿಗೆ ಇಳಿಸುತ್ತಾ ಗೊಂಚಲಲ್ಲೇ ತಿರುಗುತ್ತದೆ. ಅದರ ಹಿಂದೆ ಓಡಬೇಡಿ, ಹಳದಿ ಜಾಸ್ತಿ ಇರುವ ಗೊಂಚಲಿನ ಪಕ್ಕ ಸುಮ್ನೆ ಕೂತು ಕಾಯಿರಿ.